ಐಪಿಎಲ್‌ಗೆ ಮೊದಲು ಸ್ವಲ್ಪ ರೀಚಾರ್ಜ್ ಲೆಕ್ಕ

ಮಾರ್ಚ್ 20, 2025, ಗುರುವಾರ

ನಾಡಿದ್ದು ಈಡನ್ ಗಾರ್ಡನ್ಸ್‌ನಲ್ಲಿ ಮೊದಲ ಮ್ಯಾಚ್. ಕೆಕೆಆರ್ ಎದುರು ನಮ್ಮ ಆರ್‌ಸಿಬಿ. ರಜತ್ ಪಾಟಿದಾರ್ ಹೊಸ ಕ್ಯಾಪ್ಟನ್. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಟೀಮಿನ ಸುದ್ದಿಗಿಂತ ಇನ್ನೊಂದೇ ಚಿಂತೆ ಜಾಸ್ತಿ: ‘ಈ ವರ್ಷ ಮೊಬೈಲಲ್ಲಿ ಫ್ರೀ ಇಲ್ವಂತೆ, ಏನು ಮಾಡೋದು?’

2023 ಮತ್ತು 2024ರಲ್ಲಿ ಜಿಯೋಸಿನಿಮಾದಲ್ಲಿ ಪುಕ್ಕಟೆ ನೋಡಿ ಎಲ್ಲರಿಗೂ ಅಭ್ಯಾಸವಾಗಿದೆ. ಕಳೆದ ತಿಂಗಳು 14ರಂದು ಅದು ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಈಗ ಬರೀ ಮೊಬೈಲಿಗಾದರೆ ಮೂರು ತಿಂಗಳಿಗೆ ₹149. ಟಿವಿಯಲ್ಲೂ ಬೇಕು ಅಂದರೆ ₹299.

ಸಂಜೆ ಅರಸೀಕೆರೆಯಿಂದ ಚಿಕ್ಕಪ್ಪ ಫೋನ್ ಮಾಡಿದರು. ‘ವರ್ಷದ್ದೇ ತಗೊಂಡ್ಬಿಡ್ಲೇನೋ? ಮೊಬೈಲಿಗೆ ₹499 ಅಂತೆ. ಅಗ್ಗ ಅಲ್ವಾ?’

‘ತಡೀರಿ ಚಿಕ್ಕಪ್ಪ. ನಿಮ್ಮ ಸಿಮ್ ಯಾವುದು, ರೀಚಾರ್ಜ್ ಯಾವಾಗ ಮುಗಿಯುತ್ತೆ, ಮೊದಲು ಅದು ಹೇಳಿ.’

ಜಿಯೋ ಸಿಮ್. ಸೋಮವಾರಕ್ಕೆ ಮುಗಿಯುತ್ತದಂತೆ. ಅಲ್ಲಿಗೆ ಅವರ ಚಿಂತೆ ಕಳೆದಂತೆಯೇ. ಈ ತಿಂಗಳ 17ರಿಂದ 31ರೊಳಗೆ ₹299 ಅಥವಾ ಅದಕ್ಕೂ ಮೇಲಿನ ರೀಚಾರ್ಜ್ ಮಾಡಿಸಿದರೆ 90 ದಿನ ಜಿಯೋಹಾಟ್‌ಸ್ಟಾರ್ ಫ್ರೀ, ಅದೂ ಟಿವಿಗೂ ಸೇರಿಸಿ. ಹೇಗೂ ಮಾಡಿಸಲೇಬೇಕಾದ ರೀಚಾರ್ಜು. 17ಕ್ಕೆ ಮೊದಲೇ ಮಾಡಿಸಿದವರು ₹100ರ ಆಡ್-ಆನ್ ಹಾಕಿಸಿಕೊಂಡರೆ ಸಾಕು. ಏರ್‌ಟೆಲ್‌ನವರಿಗೆ ಇರುವ ಪ್ಯಾಕಿನ ಮೇಲೆ ₹100ಕ್ಕೆ 30 ದಿನ, ₹195ಕ್ಕೆ 90 ದಿನ ಸಿಗುತ್ತದೆ. ಇಲ್ಲಿ ₹95 ಉಳಿಸೋಕೆ ಹೋಗಬೇಡಿ. 30 ದಿನದ್ದು ಏಪ್ರಿಲ್‌ನಲ್ಲೇ ಖಾಲಿ. ಆಟದ ಬಿಸಿ ಏರುವುದೇ ಆಮೇಲೆ.

ಕ್ಯಾಲೆಂಡರ್ ಹಿಡಿದು ಎಣಿಸಿದೆ. ಮಾರ್ಚ್ 22ರಿಂದ, ಸದ್ಯದ ವೇಳಾಪಟ್ಟಿಯಲ್ಲಿ ಮೇ 25ಕ್ಕೆ ಇಟ್ಟಿರುವ ಫೈನಲ್‌ವರೆಗೆ 65 ದಿನ. ಜಿಯೋ ಕೊಡುವ 90 ದಿನವನ್ನು 22ರಿಂದ ಲೆಕ್ಕ ಹಿಡಿದರೆ ಜೂನ್ 19ಕ್ಕೆ ಮುಗಿಯುತ್ತದೆ. ಮಾರನೇ ದಿನವೇ ಲೀಡ್ಸ್‌ನಲ್ಲಿ ಇಂಗ್ಲೆಂಡ್ ಎದುರು ಟೆಸ್ಟ್! ಅದನ್ನು ಆಗ ನೋಡಿಕೊಂಡರಾಯಿತು. ಕ್ರಿಕೆಟ್ ಬಿಟ್ಟು ಬೇರೇನೂ ನೋಡದವರು ವರ್ಷದ ಪ್ಯಾಕ್ ಯಾಕೆ ತಗೋಬೇಕು ಅನ್ನೋದು ನನ್ನ ಪ್ರಶ್ನೆ. ಯಾವ ಟೂರ್ನಿ ಬೇಕೋ ಅದರ ತಾರೀಖು ನೋಡಿ ಅಷ್ಟಕ್ಕೇ ಕೊಡಿ. ಫಾರ್ಮುಲಾ ಒನ್ ನೋಡುವ ನನ್ನ ತಂಗಿ ಮಾಡುವುದೂ ಇದನ್ನೇ. ರೇಸ್ ತೋರಿಸುವ ಫ್ಯಾನ್‌ಕೋಡ್ ಆ್ಯಪಿನಲ್ಲಿ ಒಂದು ರೇಸಿಗೆ ಮಾತ್ರ ಅಂತ ಪಾಸ್ ಸಿಗುತ್ತದೆ.

ಇನ್ನು ಚಿಕ್ಕಮ್ಮನಿಗೆ ಏನೂ ಬೇಕಿಲ್ಲ. ಅವರ ಕೇಬಲ್ ಪ್ಯಾಕಿನಲ್ಲೇ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಬರುತ್ತದೆ, ಕಾಮೆಂಟರಿಯೂ ಕನ್ನಡದ್ದೇ. ಡಿಸ್ಕೌಂಟ್ ಹುಡುಕುವ ಮುಂಚೆ ಆಗಲೇ ದುಡ್ಡು ಕೊಡುತ್ತಿರುವ ಕೇಬಲ್, ಬ್ರಾಡ್‌ಬ್ಯಾಂಡ್, ರೀಚಾರ್ಜಿನಲ್ಲಿ ಏನೇನು ಸೇರಿದೆ ಅಂತ ಒಂದ್ಸಲ ನೋಡಿ. ಭಾರತ ಆಡುವ ವಿಶ್ವಕಪ್‌ನಂಥ ಪಂದ್ಯಗಳ ಸಿಗ್ನಲ್ ದೂರದರ್ಶನಕ್ಕೂ ಕೊಡಲೇಬೇಕು ಅಂತ 2007ರ ಕಾಯ್ದೆ ಇದೆ. ಡಿಡಿ ಫ್ರೀ ಡಿಶ್ ಇದ್ದರೆ ತಿಂಗಳ ಬಾಡಿಗೆಯೇ ಇಲ್ಲ. ಐಪಿಎಲ್ ಆ ಕಾಯ್ದೆಯೊಳಗೆ ಬರುವುದಿಲ್ಲ, ಅಷ್ಟೇ.

ಗ್ರೂಪಿಗೆ ಬಂದ ‘ಐಪಿಎಲ್ ಫ್ರೀ, ಈ ಆ್ಯಪ್ ಹಾಕ್ಕೊಳ್ಳಿ’ ಅನ್ನೋ ಲಿಂಕನ್ನು ಅಳಿಸಿ ಅಂತ ಎಲ್ಲರಿಗೂ ಹೇಳಿದ್ದೇನೆ. ಪ್ಲೇ ಸ್ಟೋರಿನಲ್ಲಿ ಇಲ್ಲದ ಆ್ಯಪಿಗೆ ಮೆಸೇಜ್ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿಯೂ ಅದರ ಕೈಗೆ ಹೋಗುತ್ತದೆ.

ಚಿಕ್ಕಪ್ಪನಿಗೆ ಜಾಸ್ತಿ ಹೊತ್ತು ಹೇಳಿದ್ದು ಆಟೋಪೇ ವಿಷಯ, ಅಂದರೆ ಒಮ್ಮೆ ಒಪ್ಪಿದರೆ ಪ್ರತಿ ಕಂತಿಗೂ ಖಾತೆಯಿಂದ ತಾನಾಗಿ ದುಡ್ಡು ಹೋಗುವ ಏರ್ಪಾಟು. ರೀಚಾರ್ಜ್ ಜೊತೆ ಬಂದ ಫ್ರೀ ದಿನ ತೀರಿದರೆ ತಾನಾಗಿ ನಿಲ್ಲುತ್ತದೆ. ‘ಏಳು ದಿನ ಫ್ರೀ ಟ್ರಯಲ್’ ಅಂತ ಕಾರ್ಡೋ ಯುಪಿಐಯೋ ಕೇಳುವುದು ಹಾಗಲ್ಲ. ಅಲ್ಲಿ ಒಂದೋ ಎರಡೋ ರೂಪಾಯಿ ಕಟ್ಟುವಾಗಲೇ ಮುಂದಿನ ಕಂತಿಗೂ ಒಪ್ಪಿಗೆ ಹೋಗಿರುತ್ತದೆ. ಪಿನ್ ಒತ್ತುವ ಮುಂಚೆ ಆ ಸ್ಕ್ರೀನ್ ಪೂರ್ತಿ ಓದಿ. ಗರಿಷ್ಠ ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವ ತಾರೀಖಿನವರೆಗೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ್ಯಪ್ ಡಿಲೀಟ್ ಮಾಡಿದರೆ ಇದು ನಿಲ್ಲುವುದಿಲ್ಲ. ಯುಪಿಐ ಆ್ಯಪಿನ ಒಳಗೆ ಆಟೋಪೇ ಅಂತ ಹುಡುಕಿ, ಅಲ್ಲಿಂದಲೇ ರದ್ದು ಮಾಡಬೇಕು. ಹಣ ಕಡಿಯುವ 24 ಗಂಟೆ ಮುಂಚೆ ತಿಳಿಸಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಆ ಮೆಸೇಜನ್ನು ಜಾಹೀರಾತು ಅಂತ ತಳ್ಳಿಹಾಕಬೇಡಿ.

ಫ್ರೀ ಕೊಡುತ್ತೇವೆ ಅಂತ ಹೇಳಿ ಆಟೋ ಡೆಬಿಟ್‌ಗೆ ಒತ್ತಾಯ ಮಾಡುವುದು, ರದ್ದು ಮಾಡುವ ಬಟನ್ ಬಚ್ಚಿಡುವುದು, ಎರಡೂ ತಪ್ಪು ಅಂತ 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಹೇಳಿದೆ. ಹೆಸರಿಟ್ಟು ನಿಷೇಧಿಸಿದ 13 ಬಗೆಯ ಮೋಸದಲ್ಲಿ ಇದೂ ಒಂದು. ಎಪ್ಪತ್ತರ ಹತ್ತಿರ ಇರುವವರು ಆ ಬಟನ್ ಹುಡುಕುತ್ತಾ ಕೂರೋದನ್ನು ನೋಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಯಾರಿಗಾದರೂ ಹೀಗೆ ದುಡ್ಡು ಹೋಗಿದ್ದರೆ ಸುಮ್ನೆ ಬಿಡಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.