ಸನ್ನತಿ ಹಿನ್ನೀರಿನಲ್ಲಿ ಒಂಟಿ ಕಯಾಕ್: ಹೋಗಬೇಕೆನ್ನುವವರಿಗೆ

ಕರಾವಳಿಯಲ್ಲಿ ಅಘನಾಶಿನಿಯ ಉಪ್ಪುನೀರಿನ ಕವಲುಗಳಲ್ಲಿ ಕಯಾಕ್ ನಡೆಸಿ ಹಕ್ಕಿ ನೋಡುವವರಿಗೆ ಒಂದು ಅನುಕೂಲವಿದೆ. ನೀರು ಯಾವಾಗ ಏರುತ್ತದೆ, ಯಾವಾಗ ಇಳಿದು ಕೆಸರು ತೆರೆದುಕೊಳ್ಳುತ್ತದೆ ಎಂಬುದನ್ನು ತಿಥಿ ನೋಡಿಯೇ ಹೇಳಬಹುದು. ಕೆಸರು ಕಂಡ ಹೊತ್ತಿಗೆ ಹಕ್ಕಿ ಇಳಿಯುತ್ತದೆ, ಅಷ್ಟೇ ಲೆಕ್ಕ. ನಮ್ಮ ಭೀಮೆಗೆ ಚಂದ್ರನ ಹಂಗಿಲ್ಲ. ಇಲ್ಲಿ ನೀರಿನ ಏರಿಳಿತವೆಲ್ಲ ಬ್ಯಾರೇಜಿನ ಗೇಟಿನ ಕೈಯಲ್ಲಿದೆ. ಸನ್ನತಿಗೆ ಕಯಾಕ್ ಹೊತ್ತು ಹೋಗುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ. ಹಕ್ಕಿ ಸಿಗುವುದೂ ಬಿಡುವುದೂ, ನೀವು ಸುರಕ್ಷಿತವಾಗಿ ದಡ ಸೇರುವುದೂ ಇದರ ಮೇಲೇ ನಿಂತಿದೆ.

ಸನ್ನತಿ ಇರುವುದು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮೆಯ ಎಡದಂಡೆಗೆ. ಆಚೆ ದಂಡೆ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು, ಹುರಸಗುಂಡಗಿ ಕಡೆ. ನಡುವೆ ಸೇತುವೆ ಸಹಿತ ಬ್ಯಾರೇಜ್. ಮಳೆಗಾಲ ಮುಗಿದ ಮೇಲೆ ಗೇಟು ಇಳಿಸಿ ನೀರು ನಿಲ್ಲಿಸುತ್ತಾರೆ. ಆಗ ಮೇಲ್ಭಾಗದಲ್ಲಿ ಹೊಳೆ ಅಗಲವಾಗಿ, ಹೆಚ್ಚುಕಡಿಮೆ ಅಲುಗಾಡದೆ ಮಲಗಿಬಿಡುತ್ತದೆ. ಹರಿವಿನೊಂದಿಗೆ ಗುದ್ದಾಡಬೇಕಾಗಿಲ್ಲವಾದ್ದರಿಂದ ಒಬ್ಬರೇ ಹುಟ್ಟು ಹಾಕುವವರಿಗೆ ಇದು ಹೇಳಿಮಾಡಿಸಿದ ನೀರು.

ಡಿಸೆಂಬರಿನಲ್ಲಿ ನೀರು ದಂಡೆಯ ಜಾಲಿಗಿಡಗಳ ಸೊಂಟದವರೆಗೆ ಇರುತ್ತದೆ. ಆಗ ಹೋದರೆ ತೇಲುವ ಹಕ್ಕಿಗಳನ್ನು ನೋಡಬಹುದು: ವರಟೆ, ಗುಳುಮುಳುಕ, ನೀರುಕಾಗೆ, ಕತ್ತು ಮಾತ್ರ ಮೇಲೆ ಇಟ್ಟುಕೊಂಡು ಈಜುವ ಹಾವಕ್ಕಿ. ಜನವರಿ ಕಳೆಯುತ್ತಿದ್ದಂತೆ ದಂಡೆಯ ಪಂಪ್‌ಸೆಟ್‌ಗಳು ಹೀರಿ, ಬಿಸಿಲೂ ಹೀರಿ, ನೀರು ನಿಧಾನಕ್ಕೆ ಹಿಂದೆ ಸರಿಯುತ್ತದೆ. ಅಂಚಿನಲ್ಲಿ ಹೊಳೆಯುವ ಕರಿ ಕೆಸರಿನ ಪಟ್ಟಿ ಮೂಡುತ್ತದೆ. ಸಮುದ್ರ ಆರು ಗಂಟೆಯಲ್ಲಿ ಮಾಡುವ ಕೆಲಸವನ್ನು ಭೀಮೆ ಆರು ವಾರದಲ್ಲಿ ಮಾಡುತ್ತಾಳೆ. ಆ ಪಟ್ಟಿಯ ಮೇಲೆ ಉಲ್ಲಂಕಿಗಳು, ಗದ್ದೆಗೊರವಗಳು, ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿಗಳು ಬಂದು ಕೊಕ್ಕು ಚುಚ್ಚಲು ಶುರುಮಾಡುತ್ತವೆ. ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಚಳಿಗಾಲ ಕಳೆಯಲು ಬರುವವು ಇವುಗಳಲ್ಲಿ ಬಹಳ. ಕರಾವಳಿಯ ಕೆಸರಿನಲ್ಲಿ ಕಾಣುವ ಕೆಲವು ಜಾತಿಗಳೇ ಇಲ್ಲಿಯೂ ಇಳಿಯುತ್ತವೆ. ಅವಕ್ಕೆ ಬೇಕಾದದ್ದು ಉಪ್ಪಲ್ಲ, ಮೆತ್ತನೆಯ ಕೆಸರು, ಅದರೊಳಗಿನ ಹುಳ. ನನ್ನನ್ನು ಕೇಳಿದರೆ ಜನವರಿ ಕೊನೆಯಿಂದ ಫೆಬ್ರುವರಿ ಮಧ್ಯದವರೆಗಿನ ಅವಧಿಗೆ ಸಮನಾದದ್ದು ಬೇರೆ ಇಲ್ಲ. ಮಾರ್ಚಿನ ನಂತರದ ಬಿಸಿಲಿನ ಬಗ್ಗೆ ಕಲಬುರಗಿಯವರಿಗೆ ಹೇಳಬೇಕಾಗಿಲ್ಲ.

ಈಗ ಗೇಟಿನ ಮಾತು. ಭೀಮೆಯ ಮೇಲ್ಗಡೆ ಸೋಲಾಪುರ ಜಿಲ್ಲೆಯಲ್ಲಿ ಉಜನಿ ಇದೆ, 117 ಟಿಎಂಸಿಯ ಜಲಾಶಯ. ಅದರ ಕೆಳಗೆ ನೀರಾ ನದಿ ಬಂದು ಸೇರುತ್ತದೆ. ನಮ್ಮ ಗಡಿಯೊಳಗೆ ಬಂದ ಮೇಲೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್. ಮೇಲಿನವರು ನೀರು ಬಿಟ್ಟರೆ ಅದು ಒಂದೊಂದೇ ತಡೆ ದಾಟಿ ಬರಲು ಹೊತ್ತು ಹಿಡಿಯುತ್ತದೆ, ಆದರೆ ಬರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಹೇಗೆ ಉಕ್ಕಿದಳು ಎಂಬುದು ದಂಡೆಯ ಹಳ್ಳಿಗಳವರಿಗೆ ಇನ್ನೂ ಮರೆತಿಲ್ಲ. ಇದಲ್ಲದೆ ಹೊನಗುಂಟಾ ಹತ್ತಿರ ಕಾಗಿಣಾ ಭೀಮೆಗೆ ಕೂಡುತ್ತದೆ. ಬೆಣ್ಣೆತೊರೆ, ಮುಲ್ಲಾಮಾರಿ ನೀರೂ ಕಾಗಿಣಾದ ಮೂಲಕವೇ ಬರುವುದು. ಹಾಗಾಗಿ ಚಿಂಚೋಳಿ, ಸೇಡಂ ಕಡೆ ಅಕಾಲದ ಮಳೆ ಹೊಡೆದರೂ ಸನ್ನತಿಯಲ್ಲಿ ನೀರು ಏರಬಹುದು. ಕಾಗಿಣಾ ಮೇಲಿನ ಮಳಖೇಡದ ಸೇತುವೆ ಮುಳುಗಿತು ಎಂಬ ಸುದ್ದಿ ಕಿವಿಗೆ ಬಿದ್ದರೆ ಕಯಾಕ್ ಚೀಲ ಬಿಚ್ಚಲೇಬೇಡಿ.

ಹೊರಡುವ ಹಿಂದಿನ ದಿನ ಬ್ಯಾರೇಜಿನ ಸಿಬ್ಬಂದಿಯನ್ನು ಮಾತನಾಡಿಸಿ, ಗೇಟು ಎತ್ತುವ ಯೋಚನೆ ಇದೆಯೇ ಎಂದು ಕೇಳಿಕೊಳ್ಳಿ. ನೀರಿಗಿಳಿಯಲು ಅನುಮತಿ ಬೇಕೇ ಎಂಬುದೂ ಅಲ್ಲೇ ಇತ್ಯರ್ಥವಾಗಲಿ. ಊರಿನವರಿಗೂ ಹೇಳಿ, ಇಲ್ಲದಿದ್ದರೆ ಒಬ್ಬನೇ ಹೊಳೆಗೆ ಇಳಿದ ಎಂದು ಹುಡುಕಾಟ ಶುರುವಾಗುತ್ತದೆ. ಬೆಳಗ್ಗೆ ಮತ್ತೆ ಮೀನು ಹಿಡಿಯುವವರನ್ನು ಕೇಳುವುದು ನನ್ನ ಅಭ್ಯಾಸ. ಒಮ್ಮೆ ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರು ದಡದ ಕಲ್ಲು ತೋರಿಸಿ, "ನಿನ್ನಿಗಿಂತ ಒಂದು ಗೇಣು ಏರ್ಯಾದ ನೋಡ್ರಿ, ಮ್ಯಾಲಿಂದ ಬಿಟ್ಟಾರ ಕಾಣ್ತದ. ಇವತ್ತ ಬ್ಯಾಡ" ಎಂದರು. ಆ ದಿನ ದಂಡೆ ಮೇಲೆಯೇ ಕೂತು ದುರ್ಬೀನಿನಲ್ಲಿ ನೋಡಿ ವಾಪಸ್ ಬಂದೆ. ಅವರ ಮಾತಿನ ಮೇಲೆ ಅಪೀಲು ಹೋಗಬಾರದು.

ಇಳಿಯುವ ಜಾಗ ಬ್ಯಾರೇಜಿನಿಂದ ಒಂದು ಕಿಲೋಮೀಟರಿಗೂ ಮೇಲೆ ಇರಲಿ, ಮೇಲ್ಮುಖವಾಗಿಯೇ ಹೊರಡಿ. ಗೇಟಿನ ಹತ್ತಿರ ಫೋಟೊ ತೆಗೆಯುವ ಚಪಲ ಬೇಡ. ನೀರಿನ ಮೇಲ್ಮೈ ಕನ್ನಡಿಯಂತೆ ಕಂಡರೂ ತೆರೆದ ಗೇಟಿನ ಸೆಳೆತ ಕೆಳಗೆ ಇರುತ್ತದೆ.

ಕಯಾಕ್ ಬಗ್ಗೆ ಹೇಳುವುದಾದರೆ ಇಲ್ಲಿ ಬಾಡಿಗೆಗೆ ಸಿಗುತ್ತದೆ ಎಂದು ಹೊರಡಬೇಡಿ. ನನ್ನದು ಗಾಳಿ ತುಂಬುವ ಒಂಟಿ ಸೀಟಿನದು, ಮಡಚಿದರೆ ಬೆನ್ನಿನ ಚೀಲಕ್ಕೆ ಹಿಡಿಯುತ್ತದೆ. ಬಸ್ಸಿನಲ್ಲೂ ರೈಲಿನಲ್ಲೂ ಒಯ್ಯಬಹುದು. ಆದರೆ ಗಾಳಿಯ ಕಯಾಕಿಗೆ ಇಲ್ಲಿ ಇಬ್ಬರು ವೈರಿಗಳು. ಮೊದಲನೆಯದು ಬಳ್ಳಾರಿ ಜಾಲಿ. ದಂಡೆಯುದ್ದಕ್ಕೂ ಇದೇ, ಉದುರಿದ ಮುಳ್ಳು ಕೆಸರಿನಲ್ಲಿ ಕಾಣುವುದೇ ಇಲ್ಲ. ತಾಡಪಾಲು ಹಾಸಿ ಅದರ ಮೇಲೆಯೇ ಗಾಳಿ ತುಂಬಿ, ಎಳೆಯದೆ ಎತ್ತಿಕೊಂಡು ಹೋಗಿ ನೀರಿಗಿಡಿ. ಎರಡನೆಯದು ಪರಸಿ. ವಾಡಿ, ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬರಲು ಕಾರಣವಾದ ಅದೇ ಸುಣ್ಣಕಲ್ಲು ಹೊಳೆಯ ತಳದಲ್ಲೂ ಪದರಪದರವಾಗಿ ಹಾಸಿಕೊಂಡಿದೆ. ನೀರು ಇಳಿದ ತಿಂಗಳುಗಳಲ್ಲಿ ಆ ಪದರಗಳ ಅಂಚು ಮೇಲ್ಮೈಗೆ ಅರ್ಧ ಅಡಿ ಕೆಳಗೆ ಬಂದಿರುತ್ತದೆ, ಬ್ಲೇಡಿನ ಹಾಗೆ. ನೀರಿನ ಬಣ್ಣ ಥಟ್ಟನೆ ತಿಳಿಯಾಗಿ ಕಂಡಲ್ಲಿ ನಿಧಾನಿಸಿ. ತೇಪೆ ಹಾಕುವ ಸಾಮಾನು, ಕೈಪಂಪು ಜೊತೆಗೇ ಇರಲಿ, ದಡದಲ್ಲಿ ಬಿಟ್ಟು ಹೋಗಬೇಡಿ.

ಎರೆಮಣ್ಣಿನ ರಾಡಿಯ ಬಗ್ಗೆ ಒಂದು ಮಾತು ಹೆಚ್ಚಾದರೂ ಹೇಳುತ್ತೇನೆ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲು ಮುಳುಗುತ್ತದೆ, ಎಳೆದರೆ ಚಪ್ಪಲಿ ಒಳಗೇ ಉಳಿಯುತ್ತದೆ. ಹಕ್ಕಿ ಹತ್ತಿರವಿದೆ ಎಂದು ಕಯಾಕ್ ಬಿಟ್ಟು ಆ ಪಟ್ಟಿಯ ಮೇಲೆ ಇಳಿಯುವ ಆಸೆ ಬೇಡ. ಒಬ್ಬರೇ ಇದ್ದಾಗ ಅಲ್ಲಿಂದ ಎಳೆಯುವವರು ಯಾರೂ ಇರುವುದಿಲ್ಲ. ದನ ನೀರು ಕುಡಿಯಲು ಇಳಿಯುವ ದಾರಿಯೋ, ಕಲ್ಲು ಹಾಸಿದ ಜಾಗವೋ ನೋಡಿಕೊಂಡು ಅಲ್ಲೇ ಇಳಿಯಿರಿ, ಅಲ್ಲೇ ಹತ್ತಿ. ಮರಳು ತೆಗೆದ ಕಡೆ ಆಳವಾದ ಗುಂಡಿಗಳೂ ಇರುತ್ತವೆ, ಮೊಣಕಾಲುದ್ದ ನೀರು ಒಂದೇ ಹೆಜ್ಜೆಗೆ ತಲೆಯುದ್ದ ಆಗಬಹುದು. ಲೈಫ್ ಜಾಕೆಟ್ ಕಯಾಕಿನಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ, ದಡದಲ್ಲಿಯೇ ಹಾಕಿಕೊಂಡು ಮತ್ತೆ ದಡದಲ್ಲಿಯೇ ಬಿಚ್ಚುವಂಥದ್ದು. ಸಿಳ್ಳೆ ಅದಕ್ಕೇ ಕಟ್ಟಿರಲಿ. ಮೊಬೈಲು ನೀರು ಹೋಗದ ಚೀಲದಲ್ಲಿ ಕೊರಳಿಗೆ. ಎಷ್ಟು ಗಂಟೆಗೆ ವಾಪಸ್ ಎಂದು ಮನೆಯಲ್ಲಿ ಒಬ್ಬರಿಗೆ, ಊರಲ್ಲಿ ಒಬ್ಬರಿಗೆ ಹೇಳಿರಿ.

ಹೊರಡುವ ಹೊತ್ತು ಬೆಳಕು ಹರಿದ ಕೂಡಲೇ. ಒಂಬತ್ತು, ಹತ್ತರ ಸುಮಾರಿಗೆ ಮೂಡಣಗಾಳಿ ಏಳುತ್ತದೆ. ಗಾಳಿ ತುಂಬಿದ ಕಯಾಕ್ ಹಗುರ, ನೀರಿನ ಮೇಲೆ ಎತ್ತರ. ನೀವು ಹುಟ್ಟು ಹಾಕುವುದು ಕಲಬುರಗಿ ಜಿಲ್ಲೆಯ ಕಡೆಗೆ, ಅದು ಹೋಗುವುದು ಯಾದಗಿರಿ ಜಿಲ್ಲೆಗೆ. ಆದ್ದರಿಂದ ಎಂಟೂವರೆ ಆಗುತ್ತಿದ್ದಂತೆ ತಿರುಗಿಬಿಡಿ, ಎದುರಿಗೆ ಏನೇ ಕಂಡರೂ. ಈ ನಿಯಮ ಪಾಲಿಸುವುದು ಕಷ್ಟ, ಒಪ್ಪುತ್ತೇನೆ.

ಹಕ್ಕಿ ನೋಡುವ ಉಪಾಯ ಸರಳ: ಹುಟ್ಟು ಹಾಕುವುದನ್ನು ನಿಲ್ಲಿಸುವುದು. ಮೆಟ್ಟುಗಾಲು ಹಕ್ಕಿಗಳ ಗುಂಪು ದೂರದಲ್ಲಿ ಕಂಡಾಗ ನಾಲ್ಕೈದು ಸಲ ಜೋರಾಗಿ ತಳ್ಳಿ, ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ತೇಲಲು ಬಿಡಿ. ನೇರ ಮೂತಿ ಹಿಡಿದು ಹೋಗಬಾರದು, ಓರೆಯಾಗಿ ಹಾದುಹೋಗುವವರಂತೆ ಸಾಗಬೇಕು. ಮೇಲೆ ಎತ್ತಿದ ಹುಟ್ಟಿನ ಅಲಗು ಬಿಸಿಲಿಗೆ ಮಿಂಚಿದರೆ ಸಾಕು, ಮೊದಲು ಟಿಟ್ಟಿಭ ಕೂಗುತ್ತದೆ. ಅದು ಕೂಗಿದರೆ ಇಡೀ ದಂಡೆಗೆ ಸುದ್ದಿ ಮುಟ್ಟಿದಂತೆ. ಸೂರ್ಯ ಬೆನ್ನಿಗಿರುವ ದಂಡೆಯನ್ನು ಹೋಗುವಾಗಲೇ ಮುಗಿಸಿಕೊಳ್ಳಿ. ಮುಳುಗಿ ನಿಂತ ಜಾಲಿಗಿಡಗಳ ಮೇಲೆ ನೀರುಕಾಗೆಗಳು, ಹಾವಕ್ಕಿಗಳು ರೆಕ್ಕೆ ಒಣಗಿಸುತ್ತ ಕೂತಿರುತ್ತವೆ. ಅವುಗಳ ಸಂದಿಗೆ ಮಾತ್ರ ಕಯಾಕ್ ನುಗ್ಗಿಸಬೇಡಿ, ಮುಳ್ಳಿಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಪೇಚು. ಕಪ್ಪುಬಿಳಿ ಮಿಂಚುಳ್ಳಿ ಒಂದೇ ಕಡೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತು ನೀರಿಗೆ ಬೀಳುವುದನ್ನು ದಡದಿಂದ ಎಲ್ಲರೂ ನೋಡಿರುತ್ತಾರೆ. ಕಯಾಕಿನಿಂದ ನೋಡುವಾಗ ಅದು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಇರುತ್ತದೆ, ಬೀಳುವ ಸಪ್ಪಳ ಎದೆಗೆ ಬಡಿಯುತ್ತದೆ. ನಾನು ಅಷ್ಟು ದೂರದಿಂದ ಚೀಲ ಹೊತ್ತು ಬರುವುದು ಇದಕ್ಕೇ ಎಂದರೂ ತಪ್ಪಿಲ್ಲ.

ನದಿ ರೀವ, ಚಿಟವ ಹಕ್ಕಿಗಳು ಮರಳು ದಿಬ್ಬಗಳ ಮೇಲೆ ಬರೀ ನೆಲದಲ್ಲಿಯೇ ಮೊಟ್ಟೆ ಇಡುತ್ತವೆ. ನೀರು ಇಳಿದು ದಿಬ್ಬಗಳು ಎದ್ದ ಮೇಲೆ, ಬೇಸಿಗೆಯ ಹೊತ್ತಿಗೆ ಅದರ ಕಾಲ. ಮೊಟ್ಟೆಯ ಬಣ್ಣ ಮರಳಿನದೇ, ತುಳಿದರೂ ಗೊತ್ತಾಗುವುದಿಲ್ಲ. ದಿಬ್ಬ ಕಂಡರೆ ಅಲ್ಲಿ ಚಹಾ ಕುಡಿಯೋಣ ಅನಿಸುತ್ತದೆ. ಬೇಡ. ತಲೆ ಮೇಲೆ ರೀವಗಳು ಕೂಗುತ್ತ ಎರಗಿದರೆ ಆ ಜಾಗದಿಂದ ದೂರ ಸರಿಯಿರಿ.

ಮೊಸಳೆ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಭೀಮೆಯಲ್ಲಿ ಮೊಸಳೆ ಇದೆ. ಚಳಿಗಾಲದ ಬೆಳಗಿನಲ್ಲಿ ಅವು ದಂಡೆಗೆ ಬಂದು ಬಿಸಿಲು ಕಾಯಿಸುತ್ತವೆ. ದಡದ ಕೆಸರಿನಲ್ಲಿ ಜಾರುಬಂಡೆಯಂಥ ನುಣುಪು ಗುರುತು, ಪಕ್ಕದಲ್ಲಿ ಉಗುರಿನ ಗೀರು ಕಂಡರೆ ಅದು ಅವುಗಳ ದಾರಿ. ಅಲ್ಲಿ ಇಳಿಯಬಾರದು, ಎದುರು ದಂಡೆಯ ಕಡೆ ಸರಿದು ದಾಟಬೇಕು. ಕೈಕಾಲು ನೀರಿಗಿಳಿಬಿಟ್ಟು ಕೂರುವುದು, ಹಿಡಿದ ಮೀನನ್ನು ಕಯಾಕಿಗೆ ಕಟ್ಟಿಕೊಳ್ಳುವುದು ಬೇಡವೇ ಬೇಡ. ಗಾಳಿ ತುಂಬಿದ ಕಯಾಕಿನ ಮಟ್ಟಿಗೆ ನಾನು ಇನ್ನಷ್ಟು ಹೆದರುಪುಕ್ಕಲ: ಮೊಸಳೆ ಕಂಡಿತು ಎಂದು ಮೀನುಗಾರರು ಹೇಳಿದ ಕಡೆಗೆ ಆ ವಾರ ಹೋಗುವುದಿಲ್ಲ. ದಿನನಿತ್ಯದ ತೊಂದರೆ ಎಂದರೆ ನಿಜಕ್ಕೂ ಬಲೆಗಳು. ಥರ್ಮಾಕೋಲ್ ಚೂರೋ ಪ್ಲಾಸ್ಟಿಕ್ ಬಾಟಲಿಯೋ ಸಾಲಾಗಿ ತೇಲುತ್ತಿದ್ದರೆ ಅದರ ಕೆಳಗೆ ಬಲೆ ಇದೆ. ಸುತ್ತಿಹೋಗಿ. ಹುಟ್ಟು ಸಿಕ್ಕಿಕೊಂಡರೆ ನಿಮಗೆ ಅರ್ಧ ಗಂಟೆ, ಅವರಿಗೆ ಒಂದು ದಿನದ ಕೂಲಿ.

ತಲುಪುವ ದಾರಿ: ಕಲಬುರಗಿಯಿಂದ ಶಹಾಬಾದ್, ವಾಡಿ, ನಾಲವಾರ ಮೇಲೆ ಸನ್ನತಿ. ರೈಲಿನಲ್ಲಾದರೆ ವಾಡಿ ದಾಟಿ ಯಾದಗಿರಿ ಕಡೆಯ ಮಾರ್ಗದಲ್ಲಿ ನಾಲವಾರ ಸ್ಟೇಷನ್, ಅಲ್ಲಿಂದ ಆಟೊ ಅಥವಾ ಬಸ್ಸು. ಬೆಳಗಿನ ಮೊದಲ ಬಸ್ಸು ನೆಚ್ಚಿಕೊಂಡರೆ ಹಕ್ಕಿಯ ಹೊತ್ತು ಮುಗಿದಿರುತ್ತದೆ, ಹಾಗಾಗಿ ಸ್ವಂತ ಗಾಡಿ ಇಲ್ಲದವರು ಹಿಂದಿನ ರಾತ್ರಿಯೇ ಹತ್ತಿರ ಬಂದು ಉಳಿಯುವುದು ಒಳ್ಳೆಯದು. ಚಂದ್ರಲಾಂಬೆಯ ಜಾತ್ರೆಯ ದಿನಗಳಲ್ಲಿ ಹೋಗಬೇಡಿ, ದೇವಿ ದರ್ಶನಕ್ಕೆ ಬೇಕಾದರೆ ಹೋಗಿ. ಬುತ್ತಿ ಕಟ್ಟಿಕೊಳ್ಳಿ: ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಯಾಕಿನಲ್ಲಿ ಹಾಳಾಗುವುದಿಲ್ಲ. ಎಳ್ಳಮಾವಾಸ್ಯೆಯ ಆಸುಪಾಸು ಹೋದರೆ ದಂಡೆಯ ಹೊಲದವರು ಭಜ್ಜಿ, ಸಜ್ಜಿ ರೊಟ್ಟಿ ತಿನ್ನಿಸದೆ ಬಿಡುವುದಿಲ್ಲ, ಆ ದಿನ ಹಕ್ಕಿಗಳ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ.

ಹತ್ತು ಗಂಟೆಗೆ ದಡ ಸೇರಿದರೆ ಉಳಿದ ದಿನ ಖಾಲಿ. ಕಯಾಕ್ ಒಣಗಲು ಹಾಕಿ ಊರು ನೋಡಿ. 1986ರಲ್ಲಿ ಚಂದ್ರಲಾಂಬಾ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ಅಗೆದು ತೆಗೆದ ಬೌದ್ಧ ಸ್ತೂಪವಿದೆ. ಅಲ್ಲಿಯ ಒಂದು ಫಲಕದಲ್ಲಿ ರಾಣಿಯೊಂದಿಗೆ ನಿಂತ ರಾಜ, ಬ್ರಾಹ್ಮಿಯಲ್ಲಿ "ರಾಯ ಅಸೋಕೊ" ಎಂಬ ಬರಹ. ಆ ಫಲಕಗಳೂ ಸುಣ್ಣಕಲ್ಲಿನವೇ. ಬೆಳಗ್ಗೆ ಕಯಾಕಿನ ತಳ ಸೀಳದಂತೆ ತಪ್ಪಿಸಿಕೊಂಡು ಬಂದ ಕಲ್ಲಿನ ಜಾತಿಯಲ್ಲಿ ಇಷ್ಟು ನಯವಾದ ಕೆತ್ತನೆ ಮಾಡಿದ್ದಾರೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಸೇತುವೆ ದಾಟಿ ಶಹಾಪುರದ ಮೇಲೆ ಸುರಪುರಕ್ಕೆ ಹೋಗಿ. ಶಹಾಪುರದ ಬೆಟ್ಟ ಮಲಗಿದ ಬುದ್ಧನಂತೆ ಕಾಣುವುದು ದಾರಿಯಿಂದಲೇ ಸಿಗುತ್ತದೆ. ಸುರಪುರ ತಾಲ್ಲೂಕಿನ ಬೋನಾಳ ಕೆರೆ ಪಕ್ಷಿಧಾಮ, ಅಲ್ಲಿಗೆ ಕಯಾಕ್ ಒಯ್ಯಬೇಡಿ. ಏರಿಯ ಮೇಲೆ ನಿಂತರೆ ಕೆರೆಯೆಲ್ಲ ಕಾಣುತ್ತದೆ, ಒಳ್ಳೆಯ ದುರ್ಬೀನು ಸಾಕು. ಕಯಾಕ್ ಚೀಲವನ್ನು ಸುರಪುರದ ಲಾಡ್ಜಿನಲ್ಲೇ ಬಿಟ್ಟು ಹೋಗಿ.