ಮಡಿಕೇರಿಯಲ್ಲಿ ಒಂದು ದಿನ: ಗದ್ದಿಗೆಯಿಂದ ಶುರು ಮಾಡಿ, ರಾಜಾಸೀಟಿಗೆ ಕೊನೆಗೆ ಬನ್ನಿ

ಮಡಿಕೇರಿಗೆ ಹೋದವರೆಲ್ಲ ರಾಜಾಸೀಟ್ ನೋಡಿಯೇ ನೋಡುತ್ತಾರೆ. ಸಂಜೆ ಐದೂವರೆಗೆ ಬಂದು, ನಾಲ್ಕು ಫೋಟೊ ತೆಗೆದು, ಕತ್ತಲಾಗುವಷ್ಟರಲ್ಲಿ ಹೊರಟುಬಿಡುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಈ ಸಲ ಅಮ್ಮನ ಜೊತೆ ಹೋದಾಗ ಬೆಳಿಗ್ಗೆ ಮೊದಲು ಗದ್ದಿಗೆಗೆ, ಅಂದರೆ ಕೊಡಗಿನ ಅರಸರ ಸಮಾಧಿಗಳಿರುವ ಜಾಗಕ್ಕೆ ಹೋದೆವು. ನೀವೂ ಹಾಗೇ ಮಾಡಿ ಅಂತ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗದ್ದಿಗೆ ಇರುವುದು ಮಹದೇವಪೇಟೆ ದಾಟಿದ ಮೇಲೆ, ಊರಿನ ಅಂಚಿನಲ್ಲಿ. ಬಸ್ ನಿಲ್ದಾಣದಿಂದ ಆಟೋದಲ್ಲಿ ಹೋಗಿ. ಹೆಚ್ಚು ದೂರವಿಲ್ಲ, ಆದರೆ ಮಡಿಕೇರಿಯಲ್ಲಿ ಸಮತಟ್ಟಾದ ರಸ್ತೆ ಅನ್ನೋದೇ ಇಲ್ಲ. ನಾವು ಉಳಿದುಕೊಂಡಿದ್ದ ಕಡೆ ‘ಐದು ನಿಮಿಷ ನಡೆದರೆ ಸಾಕು’ ಅಂದಿದ್ದರು. ಅದು ಅರ್ಧ ಗಂಟೆಯ ಏರು. ಮಂಡಿನೋವಿರುವ ಅಮ್ಮನಿಗೆ ತುಂಬಾ ಕಷ್ಟವಾಯಿತು. ಹಿರಿಯರು ಜೊತೆಗಿದ್ದರೆ ಇಂಥ ಮಾತು ನಂಬಬೇಡಿ, ನೇರ ಆಟೋ ಹತ್ತಿ.

ನಾವು ಹೋದಾಗ ಎಂಟು ಗಂಟೆ. ಹುಲ್ಲಿನ ಮೇಲೆ ಇನ್ನೂ ಮಂಜು ಕೂತಿತ್ತು. ಅಷ್ಟು ದೊಡ್ಡ ಹಸಿರು ಅಂಗಳದಲ್ಲಿ ನಮ್ಮನ್ನು ಬಿಟ್ಟರೆ ಬೆಳಗಿನ ವಾಕಿಂಗಿಗೆ ಬಂದ ಇಬ್ಬರು ಮಾತ್ರ. ನಡುವೆ ಇರುವುದು ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯವರ ಸಮಾಧಿ. ಪಕ್ಕದಲ್ಲಿ ಲಿಂಗರಾಜೇಂದ್ರನದು. ಇನ್ನೊಂದು ಸಣ್ಣದು ರಾಜಗುರು ರುದ್ರಪ್ಪನವರದು, 1834ರಲ್ಲಿ ಕಟ್ಟಿದ್ದು. ದೂರದಿಂದ ನೋಡಿದರೆ ಗುಮ್ಮಟ, ಮಿನಾರು, ಥೇಟ್ ದರ್ಗಾದ ಹಾಗೆ. ಹತ್ತಿರ ಹೋಗಿ ತಲೆ ಎತ್ತಿದರೆ ಮೂಲೆಗಳಲ್ಲಿ ಬಸವ ಕೂತಿದ್ದಾನೆ! ಕೊಡಗನ್ನು ಆಳಿದ ಈ ಹಾಲೇರಿ ಅರಸರು ಲಿಂಗಾಯತರು, ಒಳಗೆ ಶಿವಲಿಂಗಕ್ಕೆ ಪೂಜೆ ನಡೆಯುತ್ತದೆ. ಕಿಟಕಿಗಳ ಹಿತ್ತಾಳೆ ಸರಳುಗಳನ್ನು ತಪ್ಪದೆ ಗಮನಿಸಿ. ಅವುಗಳ ಮೇಲೆ ಸಣ್ಣ ಕೆತ್ತನೆ ಇದೆ. ಅಮ್ಮ ಒಂದು ಸರಳು ಹಿಡಿದು ನಿಂತಳು. ಐಸಿನ ಹಾಗೆ ತಣ್ಣಗಿತ್ತು. ಅವಳ ಬೆರಳಿನ ಪಕ್ಕದಲ್ಲೇ ಒಂದೊಂದೇ ಹನಿ ಮೆಲ್ಲಗೆ ಇಳಿಯುತ್ತಿತ್ತು.

ಅಲ್ಲೇ ಆವರಣದಲ್ಲಿ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಇವೆ. ಇಬ್ಬರೂ ಅರಸರ ಸೇನೆಯವರು. ಬೋಪು ಟಿಪ್ಪುವಿನ ಸೇನೆಯ ವಿರುದ್ಧ ಹೋರಾಡಿದವನು. ಅರಸರ ಪಕ್ಕದಲ್ಲೇ ಅವರಿಗೂ ಜಾಗ ಕೊಟ್ಟಿದ್ದಾರೆ. ಜನ ಇಲ್ಲಿ ನಿಲ್ಲದೆ ಮುಂದೆ ಹೋಗುತ್ತಾರೆ. ನೀವು ಎರಡು ನಿಮಿಷ ನಿಲ್ಲಿ.

ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆಯೇ. ಲಿಂಗರಾಜೇಂದ್ರನ ಗದ್ದಿಗೆಯನ್ನು 1820ರಲ್ಲಿ ಕಟ್ಟಿಸಿದವನು ಮಗ ಚಿಕ್ಕವೀರರಾಜೇಂದ್ರ. ಬ್ರಿಟಿಷರು 1834ರಲ್ಲಿ ಅವನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನ ಜೊತೆ ಇಂಗ್ಲೆಂಡಿಗೆ ಹೋದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಅಪ್ಪನಿಗೆ ಇಷ್ಟು ಚೆಂದದ ಗದ್ದಿಗೆ ಕಟ್ಟಿಸಿದವನಿಗೆ ಇಲ್ಲಿ ಆರಡಿ ಮಣ್ಣೂ ಸಿಗಲಿಲ್ಲ.

ಅಲ್ಲಿಂದ ಕೋಟೆಗೆ ಬನ್ನಿ. ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಮುದ್ದುರಾಜನ ಕೇರಿ ಮಡಿಕೇರಿ ಆಯಿತು ಅನ್ನುತ್ತಾರೆ. ಅರಮನೆ ಅಂಗಳದಲ್ಲಿ ನಿಜವಾದ ಆನೆಯಷ್ಟೇ ಎತ್ತರದ ಎರಡು ಗಾರೆಯ ಆನೆಗಳಿವೆ, ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. 1855ರ ಚರ್ಚ್ ಕಟ್ಟಡದಲ್ಲಿ ಈಗ ಮ್ಯೂಸಿಯಂ. ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆಯೂ ಊರೊಳಗೇ ಇದೆ. 2021ರಿಂದ ಅದೂ ಮ್ಯೂಸಿಯಂ. ಸೇನೆಯ ಬಗ್ಗೆ ಆಸಕ್ತಿ ಇದ್ದರೆ ಅದಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಕೋಟೆಯಿಂದ ಇಳಿಜಾರಿನಲ್ಲಿ ಓಂಕಾರೇಶ್ವರ ದೇವಸ್ಥಾನ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ಪಾಪ ಕಳೆಯಲು ಕಾಶಿಯಿಂದ ಲಿಂಗ ತರಿಸಿದ ಅಂತ ಊರಲ್ಲಿ ಕಥೆ ಹೇಳುತ್ತಾರೆ. ಇಲ್ಲೂ ಅದೇ ಗುಮ್ಮಟ. ಗದ್ದಿಗೆ ನೋಡಿ ಬಂದವರಿಗೆ ತಕ್ಷಣ ಗುರುತು ಸಿಗುತ್ತದೆ. ಕೊಳದ ಮೆಟ್ಟಿಲ ಮೇಲೆ ಕೂತು ಸುಸ್ತು ಆರಿಸಿಕೊಳ್ಳಿ.

ಊಟ ಎಲ್ಲಾದರೂ ಮಾಡಿ, ಆದರೆ ಕಡುಂಬಿಟ್ಟು (ಅಕ್ಕಿ ಕಡುಬು) ಅಥವಾ ನೂಲ್ಪುಟ್ಟು (ಅಕ್ಕಿ ಶ್ಯಾವಿಗೆ) ಸಿಕ್ಕರೆ ಬಿಡಬೇಡಿ. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು) ಪಲ್ಯ ಕೇಳಿ. ಶುಕ್ರವಾರ ಮಡಿಕೇರಿ ಸಂತೆ. ಕಾಳುಮೆಣಸು, ಏಲಕ್ಕಿ ಕೊಳ್ಳೋರಿಗೆ ಒಳ್ಳೇದು, ಕಾರು ತರೋರಿಗೆ ಕಷ್ಟ.

ಕಾಲದ ವಿಷಯ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೇದು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ಇಲ್ಲಿಯವರು ಇನ್ನೂ ಮರೆತಿಲ್ಲ. ಮಳೆಗಾಲದಲ್ಲಿ ಬರುವುದಾದರೆ ಹಿಂದಿನ ದಿನ ರಸ್ತೆಯ ಸುದ್ದಿ ತಿಳಿದುಕೊಂಡೇ ಹೊರಡಿ. ದಸರಾಕ್ಕೆ ಬರುವವರು ರೂಮು ತಿಂಗಳ ಮೊದಲೇ ಹಿಡಿಯಿರಿ. ನಾಲ್ಕು ಶಕ್ತಿ ದೇವತೆಗಳ ಕರಗ, ವಿಜಯದಶಮಿ ರಾತ್ರಿ ಮೆರವಣಿಗೆಯಲ್ಲಿ ಬರುವ ಹತ್ತು ಮಂಟಪಗಳು, ಬೆಳಗಿನ ತನಕ ಊರು ಮಲಗೋದಿಲ್ಲ. ಆ ನಾಲ್ಕರಲ್ಲಿ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮನ ಗುಡಿ ರಾಜಾಸೀಟಿನ ಪಕ್ಕದಲ್ಲೇ ಇದೆ.

ಈಗ ರಾಜಾಸೀಟ್. ನಾಲ್ಕೂವರೆಗೇ ಬನ್ನಿ. ಆಮೇಲೆ ಪಾರ್ಕಿಂಗ್ ಸಿಗೋದಿಲ್ಲ, ಭಾನುವಾರವಂತೂ ಕೇಳಲೇಬೇಡಿ. ಹೂವಿನ ಸಾಲು ದಾಟಿದರೆ ಕಂಬಗಳ ಸಣ್ಣ ಮಂಟಪ. ಅರಸರು ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ಜಾಗ ಅದು. ಕೆಳಗಿನ ಕಟ್ಟೆಗೆ ಮೆಟ್ಟಿಲು ಇಳಿಯಬೇಕು. ಮಂಡಿನೋವಿನವರು ಮೇಲೇ ಕೂರಲಿ, ನೋಟ ಅಲ್ಲಿಂದಲೂ ಕಾಣುತ್ತದೆ. ಒಂದು ಸ್ವೆಟರ್ ಇರಲೇಬೇಕು.

ನಾವು ಬಂದಾಗ ಕಣಿವೆ ತುಂಬಾ ಮಂಜು, ಏನೂ ಕಾಣಿಸಲಿಲ್ಲ. ಬಹಳ ಜನ ಬೇಜಾರಾಗಿ ಹೊರಟರು. ನಾವು ಕೂತೇ ಇದ್ದೆವು. ಮುಕ್ಕಾಲು ಗಂಟೆ ಆದ ಮೇಲೆ ಮಂಜು ಸ್ವಲ್ಪ ಸರಿಯಿತು. ಕೆಳಗೆ ಗದ್ದೆ, ಅದರಾಚೆ ಮಂಗಳೂರಿನ ಕಡೆಗೆ ಇಳಿಯುವ ರಸ್ತೆ, ಅದರ ಮೇಲೆ ಒಂದು ಕೆಂಪು ಬಸ್ಸು. ‘ಲಂಡನ್ನಲ್ಲಿ ಅವನಿಗೆ ಇದು ನೆನಪಾಗಿರುತ್ತೆ ಅಲ್ವಾ?’ ಅಂದಳು ಅಮ್ಮ. ಬಸ್ಸು ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿಕೊಂಡಿತು.