ಡಾರ್ಕ್ ಮ್ಯಾಟರ್ ಸಿಕ್ಕಿತಂತೆ, ಮತ್ತೆ!

ವರ್ಷಕ್ಕೊಂದು ಸಲವಾದರೂ ಯಾರಾದರೂ ಒಂದು ಸುದ್ದಿಯ ಲಿಂಕ್ ಕಳಿಸುತ್ತಾರೆ. "ಡಾರ್ಕ್ ಮ್ಯಾಟರ್ ಸಿಕ್ಕೇಬಿಡ್ತಂತೆ, ನೋಡಿದ್ಯಾ?" ಅಂತ. ಡಾರ್ಕ್ ಮ್ಯಾಟರ್ ಅಂದರೆ ಕಣ್ಣಿಗೆ ಕಾಣದ, ಆದರೆ ತನ್ನ ಗುರುತ್ವದಿಂದ ಇರುವು ತೋರಿಸುವ ವಸ್ತು. ಮೊದಮೊದಲು ನಾನೂ ಕುಣಿದಾಡಿದವನೇ. ಈಗ ಲಿಂಕ್ ತೆರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಸುದ್ದಿಯಲ್ಲಿರುವ ಟೆಲಿಸ್ಕೋಪ್ ಅದರ ತೂಕ ಅಳೆದಿದೆಯೋ, ಇಲ್ಲಾ ಅದರಿಂದ ಬಂದ ಬೆಳಕನ್ನೇ ಕಂಡೆ ಅನ್ನುತ್ತಿದೆಯೋ? ತೂಕ ಅಂದರೆ ನಂಬುತ್ತೇನೆ. ಬೆಳಕು ಅಂದರೆ, ಸ್ವಲ್ಪ ತಾಳಪ್ಪಾ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮೊದಲು ಹೆಸರಿನ ಬಗ್ಗೆ ನನ್ನದೊಂದು ತಕರಾರಿದೆ. ಕನ್ನಡದಲ್ಲಿ ಇದನ್ನು ಕಪ್ಪು ದ್ರವ್ಯ ಅಂತಾರೆ. ಆದರೆ ಇದು ಕಪ್ಪಗಿಲ್ಲ! ಕಪ್ಪು ಬಟ್ಟೆ ಬೆಳಕನ್ನು ನುಂಗುತ್ತದೆ, ಅದಕ್ಕೇ ಅದು ಕಾಣಿಸುತ್ತದೆ. ಇದು ನುಂಗುವುದೂ ಇಲ್ಲ, ಹೊಳೆಯುವುದೂ ಇಲ್ಲ, ಬೆಳಕು ಏನೂ ಆಗದ ಹಾಗೆ ಅದರೊಳಗಿಂದ ಹಾದು ಬರುತ್ತದೆ. ಅಂಥದ್ದು ಇದೆ ಅನ್ನುವ ಗುಮಾನಿ ಹಳೆಯದು. 1933ರಲ್ಲಿ ಖಗೋಳ ವಿಜ್ಞಾನಿ ಫ್ರಿಟ್ಸ್ ಜ್ವಿಕಿ ಕೋಮಾ ಗೆಲಾಕ್ಸಿ ಗುಂಪನ್ನು ನೋಡಿ, ಕಾಣುವ ವಸ್ತುವಷ್ಟೇ ಇದ್ದರೆ ಅಲ್ಲಿನ ಗೆಲಾಕ್ಸಿಗಳು ಓಡುವ ವೇಗಕ್ಕೆ ಗುಂಪು ಚೆದುರಿಹೋಗಬೇಕಿತ್ತು ಅಂದರು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯ ಅಂಚಿನ ಭಾಗವೂ ಒಳಗಿನಷ್ಟೇ ಜೋರಾಗಿ ಸುತ್ತುತ್ತಿದೆ ಅಂತ ತೋರಿಸಿದರು. ಕಾಣುವ ವಸ್ತುವಷ್ಟೇ ಇದ್ದರೆ ಅಂಚು ನಿಧಾನವಾಗಬೇಕಿತ್ತು. ಆಮೇಲೆ ಪ್ಲಾಂಕ್ ಉಪಗ್ರಹ ಲೆಕ್ಕ ಕೊಟ್ಟಿತು: ವಿಶ್ವದ ಒಟ್ಟು ಬಾಬತ್ತಿನಲ್ಲಿ ನಾವು ನೀವು, ನಕ್ಷತ್ರ, ಧೂಳು ಎಲ್ಲಾ ಸೇರಿ ಸುಮಾರು 5%, ಡಾರ್ಕ್ ಮ್ಯಾಟರ್ ಸುಮಾರು 27%. ಉಳಿದದ್ದು ಡಾರ್ಕ್ ಎನರ್ಜಿ, ಅದು ಬೇರೆಯದೇ ತಲೆನೋವು.

ಕಾಣದ್ದನ್ನು ತೂಗುವುದು ಹೇಗೆ? ಈಜುಕೊಳದ ತಳದಲ್ಲಿರುವ ಟೈಲ್ಸ್ ನೆನಪು ಮಾಡಿಕೊಳ್ಳಿ. ನೀರು ಪೂರ್ತಿ ತಿಳಿಯಾಗಿದ್ದರೂ ಟೈಲ್ಸಿನ ಗೆರೆ ಸೊಟ್ಟಗೆ ಕಂಡಾಗ ಮಧ್ಯೆ ಏನೋ ಇದೆ ಅಂತ ಗೊತ್ತಾಗುತ್ತದೆ ಅಲ್ವಾ? ಇಲ್ಲಿಯೂ ಹಾಗೇ. ದೂರದ ಗೆಲಾಕ್ಸಿಯ ಬೆಳಕು ದಾರಿಯಲ್ಲಿ ಡಾರ್ಕ್ ಮ್ಯಾಟರಿನ ಗುಡ್ಡೆ ಸಿಕ್ಕರೆ ಅದರ ಗುರುತ್ವಕ್ಕೆ ಬಾಗುತ್ತದೆ. ತೊಂದರೆ ಏನಪ್ಪಾ ಅಂದರೆ, ಬಹುಪಾಲು ಕಡೆ ಆ ಸೊಟ್ಟ ತೀರಾ ಸಣ್ಣದು, ನೂರರಲ್ಲಿ ಒಂದು ಪಾಲಿನ ಆಸುಪಾಸು, ಮೇಲಾಗಿ ಗೆಲಾಕ್ಸಿಗಳು ಹುಟ್ಟಾ ಒಂದೊಂದು ಆಕಾರದಲ್ಲಿರುತ್ತವೆ, ಹಾಗಾಗಿ ಒಂದನ್ನು ನೋಡಿ ಇದು ಬಾಗಿದ್ದರಿಂದ ಹೀಗಿದೆಯೋ ಅಥವಾ ಇರುವುದೇ ಹೀಗೋ ಅಂತ ಹೇಳಲಾಗುವುದಿಲ್ಲ. ಲಕ್ಷಗಟ್ಟಲೆ ಗೆಲಾಕ್ಸಿಗಳ ಸರಾಸರಿ ತೆಗೆಯಬೇಕು. ಅದಕ್ಕೇ ಬಾಹ್ಯಾಕಾಶ. ನೆಲದಿಂದ ನೋಡಿದರೆ ನಮ್ಮ ಗಾಳಿಯೇ ಚಿತ್ರವನ್ನು ಅದಕ್ಕಿಂತ ಜಾಸ್ತಿ ಕದಡಿಬಿಡುತ್ತದೆ.

ಯೂಕ್ಲಿಡ್ ಟೆಲಿಸ್ಕೋಪ್ ಮಾಡುತ್ತಿರುವುದು ಈ ಕೆಲಸವನ್ನೇ. 2023ರ ಜುಲೈ 1ರಂದು ಹಾರಿದ್ದು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಕನ್ನಡಿ 1.2 ಮೀಟರ್ ಅಷ್ಟೇ, ಹಬಲ್‌ನ ಅರ್ಧ. ಆದರೆ ಒಂದೇ ಸಲಕ್ಕೆ ಹುಣ್ಣಿಮೆ ಚಂದ್ರನ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ. ಆರು ವರ್ಷದಲ್ಲಿ ಆಕಾಶದ ಮೂರನೇ ಒಂದು ಭಾಗ ಮುಗಿಸಬೇಕು. ಹಾರಿದ ಕೆಲವೇ ತಿಂಗಳಲ್ಲಿ ಕನ್ನಡಿಗಳ ಮೇಲೆ ನ್ಯಾನೋಮೀಟರ್ ಲೆಕ್ಕದ ತೆಳು ಮಂಜು ಕೂತು ಬೆಳಕು ಕಡಿಮೆಯಾಯಿತು. 2024ರ ಮಾರ್ಚಿನಲ್ಲಿ ಒಂದು ಕನ್ನಡಿಯನ್ನು 34 ಡಿಗ್ರಿಯಷ್ಟು ಬೆಚ್ಚಗೆ ಮಾಡಿ ಅದನ್ನು ಓಡಿಸಿದರು.

ತೂಕದ ಕಡೆಯ ಸಾಕ್ಷಿಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಬುಲೆಟ್ ಕ್ಲಸ್ಟರ್. ಎರಡು ಗೆಲಾಕ್ಸಿ ಗುಂಪುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ದಾಟಿ ಹೋಗಿವೆ. ಅವುಗಳ ಮಾಮೂಲಿ ವಸ್ತುವಿನಲ್ಲಿ ಜಾಸ್ತಿ ಪಾಲು ಬಿಸಿ ಅನಿಲ, ಅದು ಡಿಕ್ಕಿಯಲ್ಲಿ ತಡವರಿಸಿ ಮಧ್ಯದಲ್ಲೇ ಹಿಂದೆ ಉಳಿದಿದ್ದನ್ನು ಚಂದ್ರಾ ಎಕ್ಸ್-ರೇ ಟೆಲಿಸ್ಕೋಪ್ ತೋರಿಸಿತು. ಬೆಳಕು ಬಾಗಿದ್ದರಿಂದ ಲೆಕ್ಕ ಹಾಕಿದರೆ ಭಾರ ಮಾತ್ರ ಅನಿಲ ಇರುವ ಕಡೆ ಇಲ್ಲ! ಅದು ಗೆಲಾಕ್ಸಿಗಳ ಜೊತೆ ಆಚೆ ಈಚೆ ಮುಂದೆ ಹೋಗಿದೆ. 2006ರಲ್ಲಿ ಬಂದ ಫಲಿತಾಂಶ ಇದು. ಡಾರ್ಕ್ ಮ್ಯಾಟರ್ ಬೇಡ, ಗುರುತ್ವದ ಸೂತ್ರವನ್ನೇ ತಿದ್ದಿದರೆ ಸಾಕು ಅನ್ನುವವರಿಗೆ ಈ ಚಿತ್ರ ಇವತ್ತಿಗೂ ಗಂಟಲ ಮುಳ್ಳು.

ಇನ್ನು ಬೆಳಕಿನ ಕಡೆ. ಡಾರ್ಕ್ ಮ್ಯಾಟರಿನ ಕಣಗಳು ಒಂದಕ್ಕೊಂದು ತಾಗಿ ನಾಶವಾದರೆ ಗಾಮಾ ಕಿರಣ, ಅಂದರೆ ಎಕ್ಸ್-ರೇಗಿಂತಲೂ ಜೋರಾದ ಬೆಳಕು, ಬರಬಹುದು ಅನ್ನುವುದು ಒಂದು ಊಹೆ. 2008ರಲ್ಲಿ ಹಾರಿದ ಫರ್ಮಿ ಟೆಲಿಸ್ಕೋಪ್ ಅಂಥ ಕಿರಣಗಳನ್ನೇ ಹಿಡಿಯುತ್ತದೆ. ಅದರ ಮುಖ್ಯ ಉಪಕರಣದಲ್ಲಿ ಕನ್ನಡಿಯೂ ಇಲ್ಲ, ಮಸೂರವೂ ಇಲ್ಲ, ಟಂಗ್‌ಸ್ಟನ್ ಹಾಳೆಗೆ ಗಾಮಾ ಕಿರಣ ಬಡಿದು ಎಲೆಕ್ಟ್ರಾನ್, ಪಾಸಿಟ್ರಾನ್ ಆಗಿ ಒಡೆಯುತ್ತದೆ, ಆ ಜೋಡಿಯ ಹೆಜ್ಜೆ ಗುರುತು ನೋಡಿ ಕಿರಣ ಎತ್ತ ಕಡೆಯಿಂದ ಬಂತು ಅಂತ ಹೇಳುತ್ತಾರೆ. 2009ರಲ್ಲಿ ಲೀಸಾ ಗುಡಿನಫ್ ಮತ್ತು ಡ್ಯಾನ್ ಹೂಪರ್, ನಮ್ಮ ಹಾಲುಹಾದಿಯ ನಡುಭಾಗದಿಂದ ಲೆಕ್ಕಕ್ಕಿಂತ ಜಾಸ್ತಿ ಗಾಮಾ ಬರುತ್ತಿದೆ ಅಂದರು. ಆ ಹೊಳಪು ನಿಜವಾಗಿಯೂ ಇದೆ. ಆದರೆ ಅದೇ ಬಗೆಯ ಗಾಮಾವನ್ನು ಸೆಕೆಂಡಿಗೆ ನೂರಾರು ಸುತ್ತು ಹಾಕುವ ಪಲ್ಸಾರ್‌ಗಳೂ (ಸತ್ತ ನಕ್ಷತ್ರಗಳ ಉಳಿಕೆ) ಕೊಡುತ್ತವಲ್ಲ! ಜಗಳ ಇನ್ನೂ ಮುಗಿದಿಲ್ಲ. ಹಾಲುಹಾದಿಯ ಸುತ್ತ ಇರುವ ಪುಟ್ಟ ಗೆಲಾಕ್ಸಿಗಳಲ್ಲಿ ಡಾರ್ಕ್ ಮ್ಯಾಟರ್ ತುಂಬಾ ಇದೆ, ಬೇರೆ ಗಲಾಟೆ ಕಡಿಮೆ, ಅಲ್ಲಿಂದಲೂ ಗಾಮಾ ಬರಬೇಕಿತ್ತು. ಫರ್ಮಿಗೆ ಅಲ್ಲಿ ಸ್ಪಷ್ಟವಾಗಿ ಏನೂ ಸಿಕ್ಕಿಲ್ಲ. ಸದ್ಯಕ್ಕೆ ನನ್ನ ಓಟು ಪಲ್ಸಾರ್‌ಗೆ.

ನಾನು ಪೂರ್ತಿ ಮೋಸ ಹೋದದ್ದು 2014ರಲ್ಲಿ. ಗೆಲಾಕ್ಸಿ ಗುಂಪುಗಳ ಎಕ್ಸ್-ರೇಯಲ್ಲಿ 3.5 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಹತ್ತಿರ ಯಾರಿಗೂ ಗುರುತು ಸಿಗದ ಒಂದು ಗೆರೆ, ಅಂದರೆ ಆ ಒಂದು ಶಕ್ತಿಯಲ್ಲಿ ಮಾತ್ರ ಹೆಚ್ಚಿನ ಹೊಳಪು, ಕಂಡಿತು, ಡಾರ್ಕ್ ಮ್ಯಾಟರ್ ಇದೇ ಇರಬಹುದು ಅನ್ನುವ ಸ್ಟೆರೈಲ್ ನ್ಯೂಟ್ರಿನೊ ಕಣ ಒಡೆದರೆ ಹೀಗೇ ಬರಬೇಕು ಅಂದರು, ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಇದನ್ನು ಒರೆಗೆ ಹಚ್ಚಬಲ್ಲ ಜಪಾನಿನ ಎಕ್ಸ್-ರೇ ಟೆಲಿಸ್ಕೋಪ್ ಹಿಟೋಮಿ 2016ರ ಫೆಬ್ರುವರಿಯಲ್ಲಿ ಹಾರಿತು, ಮಾರ್ಚಿನಲ್ಲೇ ಹತೋಟಿ ತಪ್ಪಿ ಗಿರಗಿರ ತಿರುಗಿ ಚೂರಾಯಿತು. ಅಷ್ಟರೊಳಗೆ ಪರ್ಸಿಯಸ್ ಅನ್ನುವ ಗೆಲಾಕ್ಸಿ ಗುಂಪನ್ನು ನೋಡಿ ಮುಗಿಸಿತ್ತು. ಆ ಗೆರೆ ಅದರ ಕಣ್ಣಿಗೆ ಬೀಳಲಿಲ್ಲ.

ಹೋದ ಸಲ ಲಿಂಕ್ ಬಂದಾಗ ಉತ್ತರವಾಗಿ ನಾನೊಂದು ಚಿತ್ರ ಕಳಿಸಿದೆ. 2023ರ ಸೆಪ್ಟೆಂಬರಿನಲ್ಲಿ ಯೂಕ್ಲಿಡ್ ಪರೀಕ್ಷೆಗೆಂದು ಬೇಕಂತಲೇ ಮಸುಕಾಗಿ ತೆಗೆದ ಚಿತ್ರಗಳಲ್ಲಿ ಬ್ರೂನೊ ಅಲ್ಟಿಯೇರಿ ಅನ್ನುವ ವಿಜ್ಞಾನಿಗೆ ಒಂದು ಬಳೆಯ ಸುಳಿವು ಕಂಡಿತ್ತು. ಆಮೇಲೆ ಸರಿಯಾಗಿ ನೋಡಿದರೆ ಎನ್‌ಜಿಸಿ 6505 ಗೆಲಾಕ್ಸಿಯ ಸುತ್ತ ಪೂರ್ತಿ ದುಂಡಗಿನ ಬೆಳಕಿನ ಉಂಗುರ! ಈ ಗೆಲಾಕ್ಸಿ 1884ರಿಂದಲೂ ಗೊತ್ತಿರುವಂಥದ್ದು, 59 ಕೋಟಿ ಜ್ಯೋತಿರ್ವರ್ಷ ದೂರ, ಉಂಗುರವಾಗಿ ಬಾಗಿರುವುದು ಅದರ ಹಿಂದೆ 442 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಇನ್ನೊಂದರ ಬೆಳಕು. ಉಂಗುರದ ಅಳತೆ ಹಿಡಿದು ಒಳಗಿನದ್ದನ್ನು ತೂಗಿದ್ದಾರೆ. ಅದರಲ್ಲಿ ಸುಮಾರು 11% ಡಾರ್ಕ್ ಮ್ಯಾಟರ್. ಅಷ್ಟೇನಾ ಅಂತ ಗೆಳೆಯ ಕೇಳಿದ. ಗೆಲಾಕ್ಸಿಯ ನಟ್ಟನಡುವೆ ನಕ್ಷತ್ರಗಳದ್ದೇ ಸಂತೆ ಕಣೋ, ಡಾರ್ಕ್ ಮ್ಯಾಟರ್ ಜಾಸ್ತಿ ಇರುವುದು ಹೊರಗಡೆ ಅಂದೆ.